ನೆಗೆಣ್ಣಿಯ ಎಪ್ಪತ್ತೆರಡು ಡಿಗ್ರಿ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮಹಾನಂದಾಳ ಮಷೀನು ಎಪ್ಪತ್ತೆರಡು ಡಿಗ್ರಿಯಲ್ಲಿ ಓಡುತ್ತಿತ್ತು. ನನ್ನದು ಎಂಬತ್ತೆಂಟು. ನಡುವಿನ ಹದಿನಾರು ಡಿಗ್ರಿ ಇದೆಯಲ್ಲ, ಅದು ಎರಡು ವರ್ಷ ನನ್ನ ಹೊಟ್ಟೆಯಲ್ಲಿ ಉರಿಯಿತು. ಜನ ಇಂಥದ್ದನ್ನು ಸುತ್ತಿ ಬಳಸಿ ಹೇಳುತ್ತಾರೆ, ನನಗೆ ಆ ಅಭ್ಯಾಸವಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು. ಕಸ್ತೂರಿ ಎಂದು ಹೆಸರಿಟ್ಟುಕೊಂಡವಳಿಂದ ಇಂಥ ಮಾತೇ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ಮೊದಲು ನಮ್ಮ ಕಸುಬು ಏನೆಂದು ಹೇಳಿಬಿಡುತ್ತೇನೆ. ಹೊಸ ಪ್ರೊಸೆಸರ್ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿ ಇಪ್ಪತ್ತೊಂದು ವರ್ಷವಾಯಿತು. ಒಂದು ದೇಶದಲ್ಲಿ ಯುದ್ಧ, ಇನ್ನೊಂದರಲ್ಲಿ ನೀರಿಲ್ಲ, ಮತ್ತೊಂದು ತನ್ನಲ್ಲಿರುವ ಗ್ಯಾಸನ್ನು ಯಾರಿಗೂ ಮಾರುವುದಿಲ್ಲ ಎಂದು ಕೂತುಬಿಟ್ಟಿತು. ಆ ಗ್ಯಾಸಿಲ್ಲದೆ ಚಿಪ್ ಮೇಲೆ ಗೆರೆ ಕೊರೆಯುವ ಯಂತ್ರ ನಡೆಯುವುದಿಲ್ಲವಂತೆ. ಉಳಿದದ್ದು ಹಳೆಯ ಡೆಸ್ಕ್‌ಟಾಪುಗಳು: ಶಾಲೆಗಳ ಕಂಪ್ಯೂಟರ್ ಕೋಣೆಯವು, ಮುಚ್ಚಿದ ಕಚೇರಿಗಳವು, ಮದುವೆ ಆಲ್ಬಂ ಮಾಡುತ್ತಿದ್ದ ಸ್ಟುಡಿಯೋಗಳವು. ಮಾಡಬೇಕಾದ ಲೆಕ್ಕ ಮಾತ್ರ ವರ್ಷವರ್ಷ ಹೆಚ್ಚುತ್ತಲೇ ಹೋಯಿತು. ಹೊಸ ಎತ್ತು ಸಿಗದಿದ್ದರೆ ಇದ್ದ ಎತ್ತನ್ನೇ ಜೋರಾಗಿ ಓಡಿಸಬೇಕು. ಹಾಗೆ ಓಡಿಸುವವರು ನಾವು. ನಮಗೆ ಹದಗಾರರು ಎಂದು ಹೆಸರು.

ಪ್ರೊಸೆಸರಿಗೆ ಒಂದು ಬಡಿತವಿದೆ. ಸೆಕೆಂಡಿಗೆ ನಾನೂರು ಕೋಟಿ ಸಲ ಬಡಿ ಎಂದು ಕಾರ್ಖಾನೆಯವರು ಹೇಳಿ ಕಳಿಸಿರುತ್ತಾರೆ. ನಾವು ಅದನ್ನು ನಾನೂರೈವತ್ತಕ್ಕೆ, ಐನೂರಕ್ಕೆ ಏರಿಸುತ್ತೇವೆ. ಏರಿಸಿದರೆ ಹೆಚ್ಚು ವೋಲ್ಟೇಜು ಬೇಡುತ್ತದೆ, ವೋಲ್ಟೇಜು ಕೊಟ್ಟರೆ ಕಾಯುತ್ತದೆ, ಕಾದರೆ ತಪ್ಪು ಲೆಕ್ಕ ಹೇಳುತ್ತದೆ. ಅದಕ್ಕೂ ಮೀರಿದರೆ ಸತ್ತುಹೋಗುತ್ತದೆ, ಇನ್ನೊಂದು ಎಲ್ಲಿಂದಲೂ ಬರುವುದಿಲ್ಲ. ಆದ್ದರಿಂದ ಒಂದೇ ಮೆಟ್ಟಿಲು ಏರಿಸಬೇಕು, ಭಾರದ ಲೆಕ್ಕ ಕೊಟ್ಟು ಒಂದು ತಾಸು ಓಡಿಸಬೇಕು, ತಾಪ ನೋಡಬೇಕು, ಆಮೇಲೆ ಇನ್ನೊಂದು ಮೆಟ್ಟಿಲು. ಎಂಬತ್ತೈದು ಡಿಗ್ರಿಗೆ ಹಳದಿ ದೀಪ ಹತ್ತುತ್ತದೆ. ತೊಂಬತ್ತೈದಕ್ಕೆ ಕಾವಲು ಪ್ರೋಗ್ರಾಂ ಯಾರನ್ನೂ ಕೇಳದೆ ಮಷೀನನ್ನು ಬಂದ್ ಮಾಡುತ್ತದೆ. ನನ್ನ ಮಷೀನಿನ ಹಳದಿ ದೀಪ ಆರಿದ್ದನ್ನು ನಾನು ಕಂಡೇ ಇಲ್ಲ.

ಬಾಗಲಕೋಟೆಯ ಶಾಖ ಕೇಂದ್ರದಲ್ಲಿ ಇಂಥ ಹನ್ನೆರಡು ಮಷೀನುಗಳಿದ್ದವು. ಅವುಗಳಿಂದ ನಾವು ಲೆಕ್ಕ ಹಾಕುತ್ತಿದ್ದದ್ದು ಕುದಿಗಾಳಿಯನ್ನು. ಬರಿಯ ಬಿಸಿಲನ್ನು ನಮ್ಮ ಜನ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಆದರೆ ಹಿನ್ನೀರಿನ ಕಡೆಯಿಂದ ತೇವದ ಗಾಳಿ ಎದ್ದು ಆ ಬಿಸಿಲಿಗೆ ಸೇರಿಕೊಂಡರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನೀರು ಕುಡಿಯಲಿ, ನೆರಳಿನಲ್ಲಿ ಕೂರಲಿ, ಅರ್ಧ ತಾಸಿನಲ್ಲಿ ಗಟ್ಟಿಮುಟ್ಟಾದ ಗಂಡಸು ಬಿದ್ದುಬಿಡುತ್ತಾನೆ. ಯಾವ ಊರಿಗೆ ಯಾವ ನಿಮಿಷಕ್ಕೆ ಕುದಿಗಾಳಿ ಇಳಿಯುತ್ತದೆ ಎಂದು ನಾವು ಹೇಳಬೇಕು. ಅದಕ್ಕೆ ಅರ್ಧ ತಾಸು ಮೊದಲು ಸೈರನ್ ಕೂಗುತ್ತದೆ. ಹೊರಗಿದ್ದವರೆಲ್ಲ ತಂಪುಮನೆ ಸೇರುತ್ತಾರೆ. ದಿನಾ ಸುಮ್ಮನೆ ಕೂಗಿಸಿದರೆ ತೋಳ ಬಂತು ತೋಳ ಎಂದಂತಾಗಿ ಯಾರೂ ಕೇಳುವುದಿಲ್ಲ. ಆದ್ದರಿಂದ ಲೆಕ್ಕ ಸೂಕ್ಷ್ಮವಾಗಿ, ಊರೂರಿಗೆ ಬೇರೆಯಾಗಿ ಇರಬೇಕು, ಹೊತ್ತಿಗೆ ಮುಂಚೆ ಮುಗಿಯಬೇಕು. ವೇಗದ ಮಷೀನು ಯಾರ ಕೈಯಲ್ಲಿದೆಯೋ ದೊಡ್ಡ ಲೆಕ್ಕ ಅವರದು.

ಒಂಬತ್ತು ವರ್ಷ ಆ ಲೆಕ್ಕ ನನ್ನದಾಗಿತ್ತು. ಮೂರನೇ ನಂಬರಿನ ಮಷೀನು, ನಾನೂರಾ ಎಂಬತ್ತು ಕೋಟಿ ಬಡಿತ. ಜಿಲ್ಲೆಯಲ್ಲಿ ನನ್ನನ್ನು ಮೀರಿದವರಿರಲಿಲ್ಲ. ಆಗಲೇ ನನ್ನ ಮೈದುನ ಮಹಾಂತೇಶನಿಗೆ ಇಳಕಲ್ಲಿನಿಂದ ಈ ಮಹಾನಂದಾಳನ್ನು ತಂದೆವು, ಮನೆಯಲ್ಲಿ ನಂದಾ ಎಂದು ಕರೆದೆವು. ಹುಡುಗಿ ಚುರುಕಾಗಿದ್ದಾಳೆ, ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ನಾನೇ ಅವಳನ್ನು ಕೇಂದ್ರಕ್ಕೆ ಕರೆದೊಯ್ದು ಕೆಲಸ ಕಲಿಸಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಹಾಗೆ.

ಅವಳ ಅಪ್ಪನದು ಗ್ರಾನೈಟ್ ಪಾಲಿಶ್ ಮಾಡುವ ಕೆಲಸ. ಒಂದು ದಿನ ನೋಡುತ್ತೇನೆ, ನಂದಾ ಗಾಜಿನ ಹಲಗೆಯ ಮೇಲೆ ನುಣ್ಣನೆಯ ಉಪ್ಪುಕಾಗದ ಹಾಸಿ, ನೀರು ಚಿಮುಕಿಸಿ, ಪ್ರೊಸೆಸರಿನ ಲೋಹದ ಮುಚ್ಚಳವನ್ನು ಅದರ ಮೇಲೆ ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಉಜ್ಜುತ್ತಿದ್ದಾಳೆ.

“ಏ, ಏನ್ ಮಾಡಾಕತ್ತಿ? ಮಸಾಲಿ ಅರಿಯಾಕತ್ತಿ ಏನ?”

“ಇದರ ತಲಿ ಮ್ಯಾಲ ಉಬ್ಬು ತಗ್ಗು ಅದಾವ್ರಿ ಅಕ್ಕಾ. ಕಣ್ಣಿಗೆ ಕಾಣೂದಿಲ್ಲ. ತಗ್ಗಿನ್ಯಾಗ ಬಿಸಿ ದಾಟಸೋ ಪೇಸ್ಟ್ ದಪ್ಪ ಆಗಿ ಕೂಡತೈತಿ, ಬಿಸಿ ಹೊರಗ ಹೋಗಾಂಗಿಲ್ಲ. ಸಪಾಟ ಆತಂದ್ರ ಕಡ್ಲಿಕಾಳಿನಷ್ಟೂ ಪೇಸ್ಟ್ ಬ್ಯಾಡ, ಜ್ವಾಳದ ಕಾಳಿನಷ್ಟು ಸಾಕು.”

“ನಾವೆಲ್ಲ ಇಷ್ಟು ವರ್ಷ ಹುಚ್ಚರಿದ್ವಿ ಹಂಗಾರ,” ಎಂದು ನಾನು ನಕ್ಕೆ. ಉಳಿದವರೂ ನಕ್ಕರು. ಅವಳು ತಲೆ ತಗ್ಗಿಸಿ ಉಜ್ಜುತ್ತಲೇ ಇದ್ದಳು.

ಆಮೇಲೆ ವೋಲ್ಟೇಜಿನ ವಿಷಯ. ನಾವೆಲ್ಲ ವೇಗ ಏರಿಸಿ, ಮಷೀನು ತಡವರಿಸಿದರೆ ಇನ್ನಷ್ಟು ವೋಲ್ಟೇಜು ಸುರಿಯುತ್ತಿದ್ದೆವು, ಅಳುವ ಕೂಸಿಗೆ ಮೇಲೆ ಮೇಲೆ ಹಾಲು ಕುಡಿಸಿದಂತೆ. ಅವಳು ತಿರುಗಾಮುರುಗಾ ಮಾಡಿದಳು. ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ಮಷೀನು ತಪ್ಪಿಲ್ಲದೆ ನಿಲ್ಲುತ್ತದೆ ಎಂದು ಮೂರು ವಾರ ಕೂತು ನೋಡಿದಳು. ಒಂದೊಂದು ಚಿಪ್‌ನ ಹೊಟ್ಟೆ ಒಂದೊಂದು ಥರ ಎನ್ನುತ್ತಿದ್ದಳು. ಆರು ತಿಂಗಳಲ್ಲಿ ಅವಳ ಏಳನೇ ನಂಬರಿನ ಮಷೀನು ಐನೂರಾ ನಲವತ್ತು ಕೋಟಿಗೆ ಬಂದು ನಿಂತಿತು. ಪರದೆಯ ಮೇಲೆ ತಾಪ ಎಪ್ಪತ್ತೆರಡು. ಹಳದಿ ದೀಪ ಹತ್ತಲೇ ಇಲ್ಲ.

ಕೇಂದ್ರದ ಅಧಿಕಾರಿ ಇನಾಮದಾರ ಸಾಹೇಬರು ಒಂದು ಸೋಮವಾರ ನನ್ನನ್ನು ಕರೆದರು.

“ಕಸ್ತೂರಿಬಾಯಿ, ತಪ್ಪು ತಿಳ್ಕೋಬ್ಯಾಡ್ರಿ. ಇನ್ನ ಮ್ಯಾಲೆ ದೊಡ್ಡ ಲೆಕ್ಕ ಏಳನೇ ನಂಬರಿಗೆ ಕೊಡೋಣಂತ. ನಿಮ್ಮದು ಮೀಸಲಾಗಿ ಇರ್ಲಿ. ನಿಮ್ಮ ಮನಿಯಾಗ ಉಳೀತಲ್ಲ, ಹೊರಗೇನು ಹೋಗ್ಲಿಲ್ಲ.”

ಮನೆಯಲ್ಲೇ ಉಳಿಯಿತಂತೆ! ಸಾಹೇಬರಿಗೆ ನೆಗೆಣ್ಣಿ ಎಂದರೆ ಏನೆಂದು ಗೊತ್ತಿಲ್ಲ. ಹೊರಗಿನವಳೊಬ್ಬಳು ಗೆದ್ದಿದ್ದರೆ ಸಂಜೆ ಆರು ಗಂಟೆಗೆ ಅವಳ ಮುಖ ತಪ್ಪುತ್ತಿತ್ತು. ಗೆದ್ದ ಇವಳ ಜೊತೆ ನಾನು ಒಂದೇ ಬಸ್ಸಿನಲ್ಲಿ ನವನಗರಕ್ಕೆ ಬರಬೇಕು, ಒಂದೇ ಅಡುಗೆಮನೆಯಲ್ಲಿ ನಿಲ್ಲಬೇಕು, ಒಂದೇ ಪಾತ್ರೆಯ ಪಲ್ಯ ಬಡಿಸಿಕೊಳ್ಳಬೇಕು.

ಅಡುಗೆಮನೆಯಲ್ಲೂ ನನಗೆ ನೆಮ್ಮದಿ ಇರಲಿಲ್ಲ. ರೊಟ್ಟಿ ಬಡಿಯುವುದು ನಮ್ಮಿಬ್ಬರಿಗೂ ದಿನ ಬಿಟ್ಟು ದಿನ ಪಾಳಿ. ಅತ್ತೆ ಚೆನ್ನವ್ವ ಕಟ್ಟೆಯ ಮೇಲೆ ಕೂತು ಎರಡೂ ಪಾಳಿಯನ್ನು ತೂಗಿ ನೋಡುವಳು.

“ನಂದಾನ ರೊಟ್ಟಿ ನೋಡು, ಚೆಂಡಿನಂಗ ಉಬ್ಬತಾವ. ನಿನ್ನವು ಇವತ್ತಿಗೂ ಒಂದ್ ಕಡಿ ಕರ್‍ರಗ ಆಗತಾವ.”

“ಹಂಚು ಸವದೈತಿ ಅತ್ತೀ.”

“ಆಕೀಗೂ ಅದ ಹಂಚು ಅಲ್ಲೇನ? ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಳಂತ.”

ನಂದಾ ಆಗ ಏನು ಮಾಡಬೇಕು? ಸುಮ್ಮನಿರಬೇಕು. ಇಲ್ಲ, “ಅಕ್ಕಾರ ರೊಟ್ಟಿ ತೆಳ್ಳಗಿರ್ತಾವ್ರಿ ಅತ್ತೀ, ನನಗ ಹಂಗ ಬರಾಂಗಿಲ್ಲ,” ಎಂದು ನನ್ನ ಪರವಾಗಿ ಹೇಳುವಳು. ಅಯ್ಯೋ, ಅದು ಇನ್ನೂ ಉರಿ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒಳ್ಳೆಯತನಕ್ಕೆ ಎದುರು ಮಾತಾಡುವುದು ಹೇಗೆ?

ನನ್ನ ಗಂಡ ಈರಣ್ಣ, ಮೈದುನ ಮಹಾಂತೇಶ, ಇಬ್ಬರದೂ ವಿದ್ಯುತ್ ಲೈನಿನ ಕೆಲಸ. ಬೀಳಗಿ ಕಡೆಯ ದೊಡ್ಡ ಟವರುಗಳನ್ನು ಹತ್ತುವವರು. ಮೇಲಿನ ತಂತಿಯಿಂದ ಇಳಿದು ತಂಪುಮನೆ ಸೇರಲು ಅವರಿಗೆ ಹೆಚ್ಚುಕಡಿಮೆ ಪೂರಾ ಅರ್ಧ ತಾಸೇ ಬೇಕು. ಹೀಗೆ ನಮ್ಮ ಮನೆಯ ಗಂಡಸರ ಜೀವ ನಮ್ಮ ಲೆಕ್ಕದ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ದಿನಾ ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ನಾನೇ.

ಈಗ ನನ್ನ ಅನುಮಾನದ ಮಾತು. ಐನೂರಾ ನಲವತ್ತು ಕೋಟಿ, ಅದೂ ಎಪ್ಪತ್ತೆರಡರಲ್ಲಿ? ಸಾಧ್ಯವೇ ಇಲ್ಲ ಎಂದು ನನ್ನ ಮನಸ್ಸು ಪಟ್ಟು ಹಿಡಿಯಿತು. ಮಷೀನುಗಳು ಹಳೆಯವಾದ್ದರಿಂದ ತಾಪ ಅಳೆಯುವ ಸೆನ್ಸರುಗಳು ಸುಳ್ಳು ಹೇಳುವುದುಂಟು. ಅದಕ್ಕಾಗಿ ಇಷ್ಟು ಡಿಗ್ರಿ ಕೂಡಿಸು, ಇಷ್ಟು ಕಳೆ ಎಂದು ತಿದ್ದಲು ಎರಡು ಜಾಗಗಳಿವೆ. ಒಂದು ಮಷೀನಿನ ಒಳಗೇ, ಅದನ್ನು ನೋಡಿಕೊಳ್ಳುವ ಹದಗಾರ್ತಿಯ ಕೈಯಲ್ಲಿ. ಇನ್ನೊಂದು ಕಾವಲು ಪ್ರೋಗ್ರಾಮಿನಲ್ಲಿ, ಅದು ಹಿರಿಯರ ಕೈಯಲ್ಲಿ, ಅಂದರೆ ನನ್ನ ಕೈಯಲ್ಲಿ. ಇವಳು ಒಳಗಿನ ಜಾಗದಲ್ಲಿ ಹತ್ತೋ ಹದಿನೈದೋ ಡಿಗ್ರಿ ಕಳೆದು ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಮಷೀನು ನಿಲ್ಲಿಸದೆ ಅದನ್ನು ತೆರೆದು ನೋಡುವಂತಿರಲಿಲ್ಲ. ಬೇರೆಯವರ ಮಷೀನು ನಿಲ್ಲಿಸಲು ಸಾಹೇಬರ ಕೀಲಿ ಬೇಕು.

ನಂಬುವವರು ನಂಬಲಿ, ಮುಂದೆ ನಾನು ಮಾಡಿದ್ದು ಅವಳಿಗೆ ಕೇಡು ಬಯಸಿ ಅಲ್ಲ. ಹೆದರಿಸಬೇಕು ಅಂತಷ್ಟೇ. ಪರದೆಯ ಮೇಲೆ ತಾಪ ಹತ್ತು ಡಿಗ್ರಿ ಏರಿದ್ದು ಕಂಡರೆ ಅಂಜಿಕೊಂಡು ವೇಗ ಇಳಿಸುತ್ತಾಳೆ. ನಾನೂರಾ ಎಂಬತ್ತಕ್ಕಿಂತ ಕೆಳಗೆ ಬಂದರೆ ದೊಡ್ಡ ಲೆಕ್ಕ ತಿರುಗಿ ನನ್ನ ಟೇಬಲ್ಲಿಗೆ ಬರುತ್ತದೆ. ಮಷೀನಿಗೆ ಕೇಡಿಲ್ಲ, ಊರಿಗೆ ಕೇಡಿಲ್ಲ. ನನ್ನ ಲೆಕ್ಕ ಅಷ್ಟು ಚೊಕ್ಕವಾಗಿತ್ತು.

ಮೇ ತಿಂಗಳ ಆ ಗುರುವಾರ ರೊಟ್ಟಿಯ ಪಾಳಿ ನನ್ನದು. ತಲೆ ಸಿಡಿಯುತ್ತಿದೆ, ಕೇಂದ್ರದಲ್ಲಿ ತಂಪಾಗಿ ಕೂರುತ್ತೇನೆ, ಇವತ್ತೊಂದು ದಿನ ನೀನು ಬಡಿ ಎಂದೆ.

“ಹೂಂನ್ರಿ ಅಕ್ಕಾ. ನೀವು ಹೋಗ್ರಿ. ಚಾ ಕುಡದ ಹೋಗ್ರಿ,” ಎಂದಳು ನಂದಾ, ಹಿಟ್ಟು ನಾದುತ್ತಲೇ.

ಚಹಾ ಕುಡಿದು ಹೊರಟೆ. ಆರೂವರೆಗೆ ಕೇಂದ್ರದಲ್ಲಿದ್ದೆ. ಕಾವಲು ಪ್ರೋಗ್ರಾಂ ತೆರೆದು ಏಳನೇ ನಂಬರಿನ ಮುಂದೆ ಹತ್ತು ಕೂಡಿಸು ಎಂದು ಬರೆದೆ. ಅರ್ಧ ನಿಮಿಷದ ಕೆಲಸ.

ಅವತ್ತು ಬೆಳಗಿನಿಂದಲೇ ಗಾಳಿಯಾಡಲಿಲ್ಲ. ಕರೆಂಟು ಸಾಲದೆ ಮಷೀನುಗಳಿದ್ದ ಹಾಲ್‌ನ ಎಸಿಗಳಲ್ಲಿ ಎರಡನ್ನು ನಿಲ್ಲಿಸಿದ್ದರು. ಒಳಗೇ ಮೂವತ್ನಾಲ್ಕು ಡಿಗ್ರಿ. ನಂದಾ ಎಂಟಕ್ಕೆ ಬಂದು ಲೆಕ್ಕ ಶುರು ಮಾಡಿದಳು. ಏಳನೇ ನಂಬರಿನ ತಾಪ ಎಂಬತ್ತೆರಡು. ಒಂಬತ್ತಕ್ಕೆ ಎಂಬತ್ತೈದು, ಹಳದಿ ದೀಪ. ಹತ್ತಕ್ಕೆ ಎಂಬತ್ತೆಂಟು. ಅವಳು ಒಮ್ಮೆ ಎದ್ದು ಫ್ಯಾನು ನೋಡಿದಳು, ನೀರಿನ ನಳಿಕೆ ಮುಟ್ಟಿ ನೋಡಿದಳು, “ಇವತ್ತು ಹಾಲ್ ಭಾಳ ಕಾದೈತಿ,” ಎಂದು ಮತ್ತೆ ಕೂತಳು. ವೇಗ ಮಾತ್ರ ಇಳಿಸಲಿಲ್ಲ. ನನಗೆ ಅರ್ಥವೇ ಆಗಲಿಲ್ಲ. ಎಂಬತ್ತೆಂಟು ಕಂಡರೂ ಅಂಜದವಳು ಎಂಥ ಗುಂಡಿಗೆಯವಳು? ಅದಕ್ಕೂ ನನಗೆ ಹೊಟ್ಟೆ ಉರಿಯಿತು, ನೋಡಿ. ಎಂಬತ್ತೆಂಟರ ಮುಂದೆ ಒಂಬತ್ತು ವರ್ಷ ಬೆವರಿದವಳು ನಾನು.

ಲೆಕ್ಕದ ಕೊನೆಯ ಭಾಗ ಎಲ್ಲಕ್ಕಿಂತ ಭಾರ. ಹಿನ್ನೀರಿನ ಮೇಲಿನ ಗಾಳಿಯನ್ನು ಹೊಲಹೊಲಕ್ಕೆ ಬಿಡಿಸುವುದು ಅಲ್ಲಿ. ಅದು ಶುರುವಾಗಿ ಒಂದೇ ನಿಮಿಷದಲ್ಲಿ ತಾಪ ಜಿಗಿಯಿತು. ತೊಂಬತ್ತೊಂದು, ತೊಂಬತ್ಮೂರು. ನಂದಾ ಕುರ್ಚಿಯಿಂದ ಏಳುವಷ್ಟರಲ್ಲಿ ತೊಂಬತ್ತೈದು. ಕಾವಲು ಪ್ರೋಗ್ರಾಂ ಏಳನೇ ನಂಬರನ್ನು ಬಂದ್ ಮಾಡಿತು. ಹತ್ತು ಗಂಟೆ ನಲವತ್ತೊಂದು ನಿಮಿಷ.

ಇನಾಮದಾರರು ಓಡಿ ಬಂದರು. ನಿಯಮ ಎಲ್ಲರಿಗೂ ಗೊತ್ತಿತ್ತು. ತೊಂಬತ್ತೈದು ಮುಟ್ಟಿದ ಮಷೀನನ್ನು ಒಂದು ತಾಸು ಮುಟ್ಟಬಾರದು.

“ಮೂರನೇ ನಂಬರ್ ಏನು ಹೇಳ್ತದ ನೋಡ್ರಿ, ಕಸ್ತೂರಿಬಾಯಿ.”

ನನ್ನ ಮಷೀನು ಮೀಸಲು ಲೆಕ್ಕ ಮುಗಿಸಿಟ್ಟಿತ್ತು. ಅದು ಊರೂರು ಬಿಡಿಸದ ದಪ್ಪ ಲೆಕ್ಕ. “ಬೀಳಗಿ ಕಡೆ ಹನ್ನೆರಡು ನಲವತ್ತಕ್ಕ ಇಳೀತೈತ್ರಿ ಸರ್,” ಎಂದೆ.

“ಹಂಗಾದ್ರ ಹನ್ನೆರಡೂ ಹತ್ತಕ್ಕ ಸೈರನ್. ಇವತ್ತಿಗೆ ನಿಮ್ಮ ಲೆಕ್ಕನ ಆಧಾರ ಆತು. ಪುಣ್ಯಾಕ್ಕ ನೀವಿದ್ರಿ.”

ಸುಳ್ಳು ಯಾಕೆ ಹೇಳಲಿ? ಆ ಗಳಿಗೆ ನನಗೆ ಖುಷಿಯಾಯಿತು. ಹಾಲಿನಲ್ಲಿದ್ದವರೆಲ್ಲ ನನ್ನ ಪರದೆಯ ಕಡೆ ತಿರುಗಿದ್ದರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

ನಂದಾ ಮಾತ್ರ ಅರ್ಧಕ್ಕೆ ನಿಂತ ಲೆಕ್ಕದ ಹಾಳೆ ಹಿಡಿದು ನಿಂತಿದ್ದಳು.

“ಸರ, ಹನ್ನೆರಡು ನಲವತ್ತಲ್ರೀ. ಇದು ನಿಂದ್ರೂದಕ್ಕಿಂತ ಮೊದಲ ಗಾಳಿ ಹಿನ್ನೀರಿನಿಂದ ತಿರುಗಾಕತ್ತಿತ್ತು. ಹನ್ನೊಂದೂವರಿ, ಹೆಚ್ಚಂದ್ರ ಹನ್ನೆರಡರೊಳಗ ಎಲ್ಲೋ ಇಳೀತೈತಿ. ಯಾವ ಊರು ಅಂತ ಬಂದಿಲ್ಲ.”

“ಎಲ್ಲೋ ಅಂದ್ರ ಎಲ್ಲಿ ಕೂಗಸಲೆವಾ? ಇಡೀ ಜಿಲ್ಲಾಕ್ಕ ಕೂಗಿಸಿದ್ರ ನಾಳಿಂದ ಯಾರೂ ಒಳಗ ಹೋಗೂದಿಲ್ಲ. ಅರ್ಧಾ ಲೆಕ್ಕದ ಮ್ಯಾಲೆ ನನಗ ಅಧಿಕಾರ ಇಲ್ಲ.”

ಅವಳು ನನ್ನ ಕಡೆ ತಿರುಗಿದಳು. “ಅಕ್ಕಾ, ಅವರಿಬ್ರೂ ಇವತ್ತು ಬೀಳಗಿ ಟವರಿಗೇ ಹೋಗ್ಯಾರ. ನೀವರ ಹೇಳ್ರಿ.”

ಟವರು ಹತ್ತುವಾಗ ಫೋನು ಕೆಳಗೆ ಪೆಟ್ಟಿಗೆಯಲ್ಲಿಡುವುದು ಅವರ ಕೆಲಸದ ಕಟ್ಟಳೆ. ಆದರೂ ಅವಳು ಫೋನು ಮಾಡಿದಳು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

ನನಗೆ ಗೊತ್ತಿತ್ತು. ಆ ತೊಂಬತ್ತೈದರಲ್ಲಿ ಹತ್ತು ಸುಳ್ಳು. ನಂದಾ ಒಳಗೆ ಏನೂ ಕಳೆದಿರದಿದ್ದರೆ ಮಷೀನು ಎಂಬತ್ತೈದರಲ್ಲಿದೆ, ಈಗಲೇ ಚಾಲೂ ಮಾಡಬಹುದು. ಇಷ್ಟು ಹೇಳಿದರೆ ಸಾಕು. ಹೇಳಿದರೆ ನನ್ನ ಪರವಾನಗಿ ಹೋಗುತ್ತದೆ, ಹನ್ನೊಂದು ವರ್ಷದ ಹೆಸರು ಹೋಗುತ್ತದೆ. ಎಲ್ಲಕ್ಕಿಂತ ಮೇಲಾಗಿ ಇವಳ ಎದುರು ಹೇಳಬೇಕು. ದಪ್ಪ ಲೆಕ್ಕವೂ ಒಮ್ಮೊಮ್ಮೆ ಸರಿಯಾಗಿರುತ್ತದೆ ಎಂದುಕೊಂಡೆ. ನಂದಾ ಅವಸರದ ಹುಡುಗಿ ಎಂದುಕೊಂಡೆ. ನೀರು ಕುಡಿದು ಬಂದೆ. ಗೋಡೆಯ ಗಡಿಯಾರ ಹತ್ತು ಐವತ್ತೆಂಟು ತೋರಿಸುವವರೆಗೆ ಹದಿನೇಳು ನಿಮಿಷ ನಾನು ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಗಂಡನಿಗೆ ಬೆಳಿಗ್ಗೆ ಬುತ್ತಿ ಕಟ್ಟದೆ ಬಂದೆನೆಂದು ನೆನಪಾಯಿತು. ಅದನ್ನೂ ನಂದಾಳೇ ಕಟ್ಟಿರಬೇಕು. ಎದ್ದು ಸಾಹೇಬರ ಹತ್ತಿರ ಹೋದೆ.

“ಸರ್, ಮಷೀನು ಚಾಲೂ ಮಾಡ್ರಿ,” ಎಂದೆ. “ಅದರಾಗ ಹತ್ತು ಡಿಗ್ರಿ ಸುಳ್ಳೈತಿ. ನಾನ ಹಾಕೇನಿ. ಮುಂಜಾನೆ ಬಂದು ಹಾಕೇನಿ.”

ಇನಾಮದಾರರಿಗೆ ತಕ್ಷಣ ತಿಳಿಯಲಿಲ್ಲ. ನಂದಾಳಿಗೆ ತಿಳಿಯಿತು. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಮುಂದಿದೆ. ಬೈಗುಳ ಅದರಲ್ಲಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು.

“ಹತ್ತಲ್ಲ ಅಕ್ಕಾ, ಇಪ್ಪತ್ತು,” ಎಂದಳು. “ಒಳಗ ನಾನೂ ಒಂದ್ ಹತ್ತು ಕೂಡಿಸೇನಿ. ಮಷೀನು ಎಪ್ಪತ್ತೈದರಾಗ ಐತಿ.”

“ನೀ ಯಾಕವಾ ಕೂಡಿಸಿದಿ?” ಎಂದರು ಸಾಹೇಬರು.

“ಸುರಕ್ಷಾಕ್ಕರಿ ಸರ. ಮನಿ ಗಡಿಯಾರ ಸ್ವಲ್ಪ ಮುಂದ ಇಟ್ಟಂಗ, ತಾಪಾನೂ ಮುಂದ ಇಟ್ಟಿರಬೇಕು ಅಂತ ಅಕ್ಕ ಮೊದಲನೇ ವಾರ ಕಲ್ಸಿದ್ರು.”

ಹೌದು, ಕಲಿಸಿದ್ದೆ. ಕಲಿಸಿ ಮರೆತಿದ್ದೆ. ಎಂಬತ್ತೆಂಟು ಕಂಡೂ ಅವಳು ಯಾಕೆ ಅಂಜಲಿಲ್ಲ ಎಂದು ಆಗ ಗೊತ್ತಾಯಿತು. ಅವಳ ಮಷೀನು ನಿಜವಾಗಿ ಅರವತ್ತೆರಡರಲ್ಲಿ ಓಡುತ್ತಿತ್ತು ಎಂದೂ ಗೊತ್ತಾಯಿತು. ಅಂಥ ಹೊತ್ತಿನಲ್ಲೂ ಆ ಅರವತ್ತೆರಡು ನನ್ನನ್ನು ಚುಚ್ಚಿತು. ಮನುಷ್ಯರ ಹೊಟ್ಟೆಗೆ ಕಾವಲು ಪ್ರೋಗ್ರಾಂ ಇಲ್ಲವಲ್ಲ.

ಸಾಹೇಬರು ಕೀಲಿ ಹಾಕಿದರು. ಉಳಿದ ಲೆಕ್ಕಕ್ಕೆ ಅರ್ಧ ತಾಸು ಬೇಕಿತ್ತು, ಅಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ನಂದಾ ವೇಗ ಏರಿಸ ಹೊರಟಳು.

“ಐನೂರಾ ಎಪ್ಪತ್ತು ಮಾಡ್ತೀನಿ. ನಿಲ್ತೈತಾ ಅಕ್ಕಾ?”

“ವೋಲ್ಟೇಜ್ ಎರಡ ಮೆಟ್ಟಿಲಾ ಕೊಡು. ಮೂರು ಕೊಡಬ್ಯಾಡ. ನಾ ತಾಪ ನೋಡ್ತೀನಿ, ನೀ ಲೆಕ್ಕ ನೋಡು.”

ಪಕ್ಕಪಕ್ಕ ಕೂತೆವು. ಎರಡೂ ತಿದ್ದುಪಡಿ ತೆಗೆದ ಪರದೆಯಲ್ಲಿ ಮೊದಲ ಸಲ ನಿಜವಾದ ಅಂಕಿ ಕಾಣುತ್ತಿತ್ತು. ನಾನು ಎಪ್ಪತ್ತೊಂಬತ್ತು, ಎಂಬತ್ತೊಂದು ಎಂದು ಕೂಗಿ ಹೇಳುತ್ತಿದ್ದೆ, ಅವಳು ಹೂಂ ಹೂಂ ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ನಾವು ಹಾಗೆ ಕೂತು ಕೆಲಸ ಮಾಡಿದ್ದು ಅದೊಂದೇ ಸಲ. ಹನ್ನೊಂದು ಇಪ್ಪತ್ಮೂರಕ್ಕೆ ಲೆಕ್ಕ ಮುಗಿಯಿತು. ಬೀಳಗಿಯ ದಕ್ಷಿಣದ ಟವರುಗಳ ಮೇಲೆ ಕುದಿಗಾಳಿ ಇಳಿಯುವ ಹೊತ್ತು ಹನ್ನೊಂದು ನಲವತ್ತು. ಸೈರನ್ ಹನ್ನೊಂದೂ ಹತ್ತಕ್ಕೆ ಕೂಗಬೇಕಿತ್ತು. ಹನ್ನೊಂದು ಇಪ್ಪತ್ನಾಲ್ಕಕ್ಕೆ ಕೂಗಿತು.

ನನ್ನ ಗಂಡ ಅವತ್ತು ಕೆಳಗೆ ಹಗ್ಗ ಹಿಡಿದಿದ್ದರು. ಮಹಾಂತೇಶ ಮೇಲಿನ ತಂತಿಯಲ್ಲಿದ್ದ. ಸೈರನ್ ಕೇಳಿದೊಡನೆ ಇಳಿಯತೊಡಗಿದ. ಮುಕ್ಕಾಲು ಇಳಿದವನು ಕೈಬಿಟ್ಟು ಸೊಂಟದ ಬೆಲ್ಟಿನಲ್ಲಿ ಜೋತುಬಿದ್ದನಂತೆ. ಅಣ್ಣ ಹತ್ತಿಹೋಗಿ, ಬಿಚ್ಚಿ, ಹೆಗಲ ಮೇಲೆ ಹೊತ್ತು ತಂಪುಮನೆಗೆ ಓಡಿದರು. ಅಲ್ಲಿ ಅವನ ಮೈ ಮುಟ್ಟಿದ ನರ್ಸು ಕೈ ಹಿಂದಕ್ಕೆ ಎಳೆದುಕೊಂಡಳಂತೆ, ಅಷ್ಟು ಸುಡುತ್ತಿತ್ತು. ಮೂರು ದಿನ ಎಚ್ಚರವಿರಲಿಲ್ಲ.

ಬದುಕಿದ. ದೇವರು ದೊಡ್ಡವನು ಎಂದು ಎಲ್ಲರೂ ಅಂದರು. ಆದರೆ ಬೆಳಗಿನ ಎಂಟರ ಮೇಲೆ ಅವನು ಹೊರಗೆ ಕಾಲಿಡುವಂತಿಲ್ಲ. ಮೈಯ ತಣಿಯುವ ಶಕ್ತಿ ಹೋಗಿದೆ ಎಂದರು ಡಾಕ್ಟರು. ಮಾತು ನಡುನಡುವೆ ತಡವರಿಸುತ್ತದೆ. ಟವರಿನ ತುದಿಯಲ್ಲಿ ನಿಂತು ಹಾಡು ಹೇಳುತ್ತಿದ್ದವನು ಈಗ ಅವ್ವನ ಪಕ್ಕ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾನೆ.

ವಿಚಾರಣೆ ನಡೆಯಿತು. ಎಲ್ಲವನ್ನೂ ಒಪ್ಪಿಕೊಂಡೆ. ನನ್ನ ಪರವಾನಗಿ ರದ್ದಾಯಿತು. ನನ್ನ ಹತ್ತು, ಅವಳ ಹತ್ತು, ಒಬ್ಬರಿಗೊಬ್ಬರು ತಿಳಿಸದೆ ಎರಡು ಕಡೆ ಕೂಡಿಸಿದ್ದರಿಂದ ಹೀಗಾಯಿತು ಎಂದು ಬರೆದು ಮುಗಿಸಿದರು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿಗಳಿಗೆ ಅದನ್ನು ತಿಳಿದುಕೊಳ್ಳಲು ಎರಡು ದಿನ ಹಿಡಿಯಿತು. ಅತ್ತೆಗೆ ಒಂದೇ ಮಾತು ಸಾಕಾಯಿತು.

“ಇಬ್ರೂ ಉಪ್ಪು ಹಾಕಿದ್ರಿ ಅನ್ನು,” ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಈರಣ್ಣ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ನಂದಾ ಅದೂ ಇಲ್ಲ. ಅವಳು ಕೇಂದ್ರಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ರೊಟ್ಟಿ ಈಗ ದಿನಾ ನನ್ನ ಪಾಳಿ. ಒಂದು ತಿಂಗಳು ಹಾಗೇ ಹೋಯಿತು. ನನಗೆ ಆ ಮೌನ ತಡೆಯಲಾಗಲಿಲ್ಲ. ಒಂದು ರವಿವಾರ ಮುಂಜಾನೆ ಅವಳು ನೀರು ತುಂಬಿಕೊಳ್ಳಲು ಅಡುಗೆಮನೆಗೆ ಬಂದಾಗ ಬಾಗಿಲಿಗೆ ಅಡ್ಡ ನಿಂತೆ. ಕ್ಷಮೆ ಕೇಳಲು ಹೋದವಳು ನಾನು. ಬಾಯಿಂದ ಬಂದದ್ದು ಬೇರೆ.

“ನಾ ಮಾಡಿದ್ದು ತಪ್ಪು. ಸಾಯೂತನಕ ತಪ್ಪು. ಆದ್ರ ನಂದಾ, ನಿನ್ನ ಹತ್ತು ಇರದಿದ್ರ ಅದು ಎಂಬತ್ತೈದಕ್ಕ ನಿಂದರತಿತ್ತು. ಮಷೀನು ಬಂದ್ ಆಗ್ತಿದ್ದಿಲ್ಲ. ಇಬ್ರ ಕೈಯೂ ಐತಿ ಇದರಾಗ, ಹೌದಿಲ್ಲೊ?”

ಹೌದು ಅನ್ನಲಿ ಎಂದು ಕಾದೆ. ಅರ್ಧ ಭಾರ ಅವಳು ಹೊತ್ತರೆ ಉಳಿದರ್ಧ ನಾನು ಹೇಗಾದರೂ ಹೊರಬಲ್ಲೆ ಎನ್ನಿಸಿತ್ತು.

ಅವಳು ಕೊಡ ಕೆಳಗಿಟ್ಟಳು.

“ಸುರಕ್ಷಾಕ್ಕ ಹಾಕೇನಿ ಅಂತ ಎಲ್ಲಾರ ಮುಂದ ಹೇಳಿದೆ. ಅದಕ್ಕಲ್ಲ ಅಕ್ಕಾ.”

“ಮತ್ತ್ಯಾಕ?”

“ಮೊದಲನೇ ಸಲ ನನ್ನ ಮಷೀನು ಐನೂರಾ ನಲವತ್ತು ಮುಟ್ಟಿದ ದಿನ ಪರದ್ಯಾಗ ಅರವತ್ತೆರಡು ಇತ್ತು. ನಿಮಗ ನೆನಪೈತೊ ಇಲ್ಲೊ.”

ನೆನಪಿತ್ತು. ಸೆನ್ಸರ್ ಕೆಟ್ಟಿದೆ, ಇಳಕಲ್ಲಿನ ಕಲ್ಲಿಗೆ ತಾಪ ಎಲ್ಲಿ ಗೊತ್ತಾಗುತ್ತದೆ ಎಂದು ಹಾಲಿನಲ್ಲಿ ಎಲ್ಲರೆದುರು ಅಂದಿದ್ದೆ. ಮೂರು ದಿನಕ್ಕೆ ಎಪ್ಪತ್ತೆರಡು ಕಂಡಾಗ ಸೆನ್ಸರ್ ಸರಿಮಾಡಿಕೊಂಡಳು ಎಂದುಕೊಂಡಿದ್ದೆ.

“ಅವತ್ತ ನೀವು ಮನಿಗೆ ಬಂದು ಉಣಲಿಲ್ಲ. ಮರುದಿನಾನೂ ಉಣಲಿಲ್ಲ. ತಾಟು ಹಂಗ ಸರಿಸಿ ಎದ್ದು ಹೋದ್ರಿ. ನನಗ ಕೈಕಾಲ ಆಡಲಿಲ್ಲ. ನನ್ನ ಕೈಹಿಡದು ಕೆಲ್ಸಾ ಕಲ್ಸಿದಾಕಿ ನನ್ನಿಂದ ಉಪಾಸ ಬೀಳಬಾರದು ಅಂತ ಮೂರನೇ ದಿನ ಹತ್ತು ಕೂಡಿಸಿದೆ. ಎಪ್ಪತ್ತೆರಡು ನೋಡಿದ್ರ ನೀವು ಸಿಟ್ಟಿಲೇ ಆದ್ರೂ ಉಣತಿದ್ರಿ.”

ಕೊಡ ಎತ್ತಿಕೊಂಡು ನನ್ನ ಪಕ್ಕದಿಂದಲೇ ಹೊರಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಡುತ್ತಿತ್ತು. ಹೊರಗಿನಿಂದ ಮಹಾಂತೇಶ “ಅ... ಅತ್ತಿಗೀ, ರೊಟ್ಟಿ ಹತ್ತಾಕತ್ತೈತಿ,” ಎಂದು ತಡವರಿಸಿ ಕೂಗಿದ.

ಅವಳ ಹತ್ತು, ನನ್ನ ಹತ್ತು ಎಂದು ವಿಚಾರಣೆಯ ಕಾಗದದಲ್ಲಿ ಬರೆದಿದ್ದಾರೆ. ಅದು ತಪ್ಪು. ಇಪ್ಪತ್ತೂ ನನ್ನವೇ.